ಮೂತಿ ಉಜ್ಜಬೇಡಿ

ಬಡಗಿಗಳು ಮರ ಕೀಸಿ ನುಣುಪು ಮಾಡುವ ಹಳೆಯ ಕೀಸುಳಿ ತೋರಿಸಲು ಬರುವವರು ಚೀಲ ಬಿಚ್ಚುವ ಮುಂಚೆಯೇ ನನ್ನ ಮೂಗಿಗೆ ವಾರ್ನಿಶ್ ವಾಸನೆ ಬಡಿಯುತ್ತದೆ. "ಎರಡು ಭಾನುವಾರ ಕೂತು ತಿಕ್ಕಿದೆ ಸಾರ್, ಹೊಸದರ ಹಾಗಾಗಿದೆ" ಅಂತಾರೆ. ಆಗಿದೆ, ಸುಳ್ಳಲ್ಲ. ಹೊಸದೇ ಬೇಕಿದ್ದರೆ ನನ್ನ ತನಕ ಯಾಕೆ ಬರಬೇಕಿತ್ತು?

ಮರದ ಕೀಸುಳಿಯ ಬೆಲೆ ಬಹುಪಾಲು ಅದರ ಮೂತಿಯಲ್ಲಿದೆ. ಹೊಳಪಿನಲ್ಲಿ ಇಲ್ಲ, ಅಲಗಿನ ಹರಿತದಲ್ಲೂ ಇಲ್ಲ. ಮೂತಿ ಎಂದರೆ ಮುಂದಿನ ತುದಿ, ಮರದ ಎಳೆಗಳು ಕೊನೆಯಾಗುವ ಜಾಗ. ಇಂಗ್ಲೆಂಡ್, ಅಮೆರಿಕದ ತಯಾರಕರು ತಮ್ಮ ಹೆಸರಿನ ಅಚ್ಚು ಹೊಡೆಯುತ್ತಿದ್ದದ್ದು ಅಲ್ಲೇ. ಆ ಅಚ್ಚು ಆಳವಾಗಿರುವುದಿಲ್ಲ. ಉಪ್ಪು ಕಾಗದ ಹಿಡಿದು ನಾಲ್ಕು ಸಲ ಎಳೆದರೆ ಹೋಯಿತು.

"ಅಲಗಿನ ಮೇಲೆ ಹೆಸರು ಇದೆಯಲ್ಲ?" ಎಂದು ಎಲ್ಲರೂ ಕೇಳುತ್ತಾರೆ. ಇರುತ್ತದೆ. ಅದು ಸಾಮಾನ್ಯವಾಗಿ ಅಲಗು ಮಾಡಿದವನ ಹೆಸರು. ಇಂಗ್ಲೆಂಡಿನ ಉಕ್ಕಿನ ಊರಾದ ಶೆಫೀಲ್ಡ್‌ನ ಯಾವುದೋ ಕಾರ್ಖಾನೆಯದ್ದಿರಬಹುದು. "ಕಾಸ್ಟ್ ಸ್ಟೀಲ್" ಎಂದಿದ್ದರೆ ಅದು ಉಕ್ಕಿನ ಜಾತಿ, ಕಂಪನಿಯಲ್ಲ. ಮಸೆದು ಮಸೆದು ಸವೆದ ಅಲಗನ್ನು ಬಡಗಿಗಳು ಬದಲಿಸುತ್ತಿದ್ದರು, ಹಾಗಾಗಿ ಈಗಿರುವ ಅಲಗು ಈ ಮರದ ಜೊತೆಯಲ್ಲೇ ಹುಟ್ಟಿದ್ದು ಎಂದು ನಾನಂತೂ ಆಣೆ ಇಡಲಾರೆ.

ಮೂತಿಯ ಮೇಲಿನ ಹೆಸರೆಲ್ಲ ತಯಾರಕನದ್ದೂ ಅಲ್ಲ. ಉಪಕರಣ ಕಳುವಾಗದಿರಲಿ ಎಂದು ಬಡಗಿ ತನ್ನ ಹೆಸರು ಹೊಡೆಯುತ್ತಿದ್ದ. ಅವನಿಂದ ಕೊಂಡವನು ತನ್ನದನ್ನೂ ಸೇರಿಸುತ್ತಿದ್ದ. ಒಂದೇ ಮೂತಿಯ ಮೇಲೆ ನಾಲ್ಕು ಹೆಸರು ಕಂಡಿದ್ದೇನೆ. ಒಂದೇ ಹೆಸರು ಎರಡು ಮೂರು ಕಡೆ ಬಿದ್ದಿದ್ದರೆ ಅದು ಮಾಲೀಕನದ್ದು ಎಂಬ ಅನುಮಾನ ನನಗೆ ಮೊದಲು ಬರುತ್ತದೆ. ಊರಿನ ಹೆಸರೂ ಇದ್ದರೆ ತಯಾರಕನ ಕಡೆ ವಾಲುತ್ತೇನೆ. ಖಾತ್ರಿ ಮಾತ್ರ ಕೈಗೆತ್ತಿ ನೋಡಿದ ಮೇಲೆ.

ಒಂದು ಅಚ್ಚು ಏನು ಮಾಡಬಲ್ಲದು ನೋಡಿ. ಮ್ಯಾಸಚೂಸೆಟ್ಸ್‌ನ ರೆಂಥಮ್‌ನಲ್ಲಿ ಫ್ರಾನ್ಸಿಸ್ ನಿಕೋಲ್ಸನ್ ಎಂಬಾತ ಕೀಸುಳಿ ಮಾಡುತ್ತಿದ್ದ. ಅವನ ಗುಲಾಮನಾಗಿದ್ದ ಸೀಸರ್ ಚೆಲರ್ ಅದೇ ಕಸುಬು ಕಲಿತ. 1753ರಲ್ಲಿ ನಿಕೋಲ್ಸನ್ ಸತ್ತಾಗ ಉಯಿಲಿನ ಪ್ರಕಾರ ಚೆಲರ್‌ಗೆ ಬಿಡುಗಡೆಯೂ ಸಿಕ್ಕಿತು, ಉಪಕರಣಗಳೂ ಸಿಕ್ಕವು. ಆಮೇಲೆ ಅವನು ತನ್ನದೇ ಹೆಸರಿನ ಅಚ್ಚು ಹೊಡೆದ, ಕೆಳಗೆ "ಲಿವಿಂಗ್ ಇನ್ ರೆಂಥಮ್" ಎಂದೂ ಸೇರಿಸಿದ. ಆ ಅಕ್ಷರಗಳಿರುವ ಕೀಸುಳಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಅದನ್ನೇ ಉಜ್ಜಿಬಿಟ್ಟರೆ ಉಳಿಯುವುದು ಒಂದು ಮರದ ತುಂಡು.

ಹಳೆಯದೆಲ್ಲ ದುಬಾರಿ ಎಂಬ ಭ್ರಮೆಯೂ ಬೇಡ. ಶವಪೆಟ್ಟಿಗೆ ಆಕಾರದ, ಬೀಚ್ ಮರದ ಸಾದಾ ಕೀಸುಳಿಗಳು ಹತ್ತೊಂಬತ್ತನೇ ಶತಮಾನದಲ್ಲಿ ರಾಶಿ ರಾಶಿ ತಯಾರಾದವು. ಅವನ್ನು ಇಟ್ಟುಕೊಂಡು ಮರ ಕೀಸಿ, ಸಂತೋಷಪಡಿ.

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಅಚ್ಚುಕಟ್ಟಾಗಿ ಪಾಲಿಶ್ ಮಾಡಿದ ಕೀಸುಳಿ ತಂದರು, ಮರಕ್ಕೆ ಅಲಂಕಾರದ ಅಂಚು ತೆಗೆಯುವ ಬಗೆಯದ್ದು. ಅಂಚಿನಲ್ಲಿ ಅಗಲವಾದ, ಚಪ್ಪಟೆಯಾದ ಇಳಿಜಾರು; ಉದ್ದ 10 ಇಂಚಿನ ಹತ್ತಿರ. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಈ ಬಗೆಯವು 9.5 ಇಂಚಿಗೆ ನಿಂತುಬಿಟ್ಟಿದ್ದವು, ಇದು ಅದಕ್ಕೂ ಹಳೆಯದಿರಬಹುದು ಎಂದು ನನ್ನ ಎದೆ ಸ್ವಲ್ಪ ಜೋರಾಗಿಯೇ ಬಡಿಯಿತು. ದೀಪ ಆರಿಸಿ ಟಾರ್ಚನ್ನು ಮೂತಿಯ ಪಕ್ಕದಿಂದ ಅಡ್ಡಲಾಗಿ ಹಿಡಿದೆ. ಗರಗಸದ ಹಲ್ಲಿನಂಥ ಅಂಚುಪಟ್ಟಿಯ ಒಂದು ಮೂಲೆ ಕಂಡಿತು, ಅದರೊಳಗೆ ಒಂದು ಅಕ್ಷರದ ಕಾಲು. ಅಷ್ಟೇ.

ಮೇಷ್ಟ್ರಿಗೂ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಮನೇಲಿ ಇದರ ಜೋಡಿ ಇನ್ನೊಂದಿದೆ, ಅದನ್ನ ಬರೋ ಭಾನುವಾರ ಮಾಡೋಣ ಅಂತಿದ್ದೆ" ಎಂದರು.

ಇವತ್ತೇ ತನ್ನಿ ಎಂದೆ. ಧೂಳಿನ ಸಮೇತ.