ಸುಟ್ಟದ್ದು ಡಬ್ಲಿನ್, ಎಡಿನ್‌ಬರೋ ಅಲ್ಲ

ಪ್ರಶ್ನೆ: ನನ್ನ ಪತಿಯ ಪೂರ್ವಜರೊಬ್ಬರು 1820ರ ಸುಮಾರಿಗೆ ಸ್ಕಾಟ್‌ಲೆಂಡಿನ ಪರ್ತ್‌ಶೈರ್ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದರಂತೆ. ಅಲ್ಲಿನ ಚರ್ಚಿನ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ದಾಖಲೆ ಸುಟ್ಟುಹೋಗಿರಬಹುದೇ?

ಉತ್ತರ: ಸುಟ್ಟಿಲ್ಲ. ಊರಿನ ಹೆಸರಷ್ಟೇ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಈ ಸಲ ಸ್ವಲ್ಪ ವಿವರವಾಗಿಯೇ ಹೇಳಿಬಿಡುತ್ತೇನೆ.

ಬೆಂಕಿಯ ಕಥೆ ಐರ್ಲೆಂಡಿನದು. 1922ರಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರ ಹೊತ್ತಿ ಉರಿದಾಗ ಚರ್ಚಿನ ಪುಸ್ತಕಗಳು, ಹಳೆಯ ಜನಗಣತಿಯ ಹಾಳೆಗಳು ರಾಶಿರಾಶಿಯಾಗಿ ಬೂದಿಯಾದವು. ಸ್ಕಾಟ್‌ಲೆಂಡಿನ ಹಳೆಯ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಪುಸ್ತಕಗಳು ಎಡಿನ್‌ಬರೋದಲ್ಲಿ ಭದ್ರವಾಗಿವೆ. ನಿಮ್ಮ ಪರ್ತ್‌ಶೈರಿನದೇ ಆದ ಎರಲ್ ಊರಿನ ಪುಸ್ತಕ 1553ರಿಂದ ಶುರುವಾಗುತ್ತದೆ. ಅಲ್ಲಲ್ಲಿ ಕಳೆದುಹೋದವು ಇವೆ, ನಿಜ. ಆದರೆ ಹೆಸರು ಸಿಗದಿದ್ದರೆ ಹೆಚ್ಚಿನ ಸಲ ಕಾರಣ ತೀರಾ ಸಪ್ಪೆ: ಅದನ್ನು ಯಾರೂ ಬರೆಸಿಯೇ ಇಲ್ಲ.

1855ರ ಜನವರಿ 1ರವರೆಗೆ ಜನನ ನೋಂದಣಿ ಕಾನೂನಿನ ಪ್ರಕಾರ ಕಡ್ಡಾಯವಿರಲಿಲ್ಲ. ಪುಸ್ತಕ ಬರೆಯುತ್ತಿದ್ದವರು ಚರ್ಚಿನ ಗುಮಾಸ್ತರು, ಬಹಳ ಕಡೆ ಅವರೇ ಶಾಲೆಯ ಮೇಷ್ಟರು; ಬರೆಸಲು ಕಾಸು ಬಿಚ್ಚಬೇಕಿತ್ತು. 1783ರಲ್ಲಿ ಸರ್ಕಾರ ಪ್ರತಿ ನಮೂದಿಗೆ ಮೂರು ಪೆನ್ಸ್ ತೆರಿಗೆ ಹಾಕಿತು; 1794ರಲ್ಲಿ ಅದು ರದ್ದಾಗುವವರೆಗೆ ಎಷ್ಟೋ ಅಪ್ಪಂದಿರು ಗುಮಾಸ್ತರ ಮನೆಯತ್ತ ಸುಳಿಯಲಿಲ್ಲ. ಮೇಲಾಗಿ ಅದು ಅಲ್ಲಿನ ಅಧಿಕೃತ ಪ್ರಾಟೆಸ್ಟೆಂಟ್ ಚರ್ಚಾದ ಚರ್ಚ್ ಆಫ್ ಸ್ಕಾಟ್‌ಲೆಂಡಿನ ಪುಸ್ತಕ. ಕ್ಯಾಥಲಿಕರ, ಬಿಷಪ್ಪರ ಆಡಳಿತವನ್ನು ಒಪ್ಪುವ ಎಪಿಸ್ಕೋಪಲಿಯನ್ನರ, 1733ರಿಂದ ಆ ಚರ್ಚಿನಿಂದ ಸಿಡಿದು ಹೊರಬಂದ ಪಂಗಡಗಳವರ ಮಕ್ಕಳನ್ನು ಅಲ್ಲಿ ಹುಡುಕುವುದು ಪಕ್ಕದ ಮನೆಯ ಪಡಿತರ ಚೀಟಿಯಲ್ಲಿ ನಿಮ್ಮ ಹೆಸರು ಹುಡುಕಿದಂತೆ.

ಅಂದಹಾಗೆ, ಆ 1820 ಎಲ್ಲಿಂದ ಬಂತು? 1841ರ ಜನಗಣತಿಯಿಂದಾದರೆ ಜೋಪಾನ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುವಂತೆ ಸೂಚನೆ ಇತ್ತು. 24ರ ತರುಣನೂ ಅದರಲ್ಲಿ 20. ಹಾಗಾಗಿ 1816ರಿಂದ 1821ರವರೆಗೂ ನೋಡಿ.

ಅದಕ್ಕೂ ಮೊದಲು ಸ್ಕಾಟ್‌ಲೆಂಡಿನ ಸರ್ಕಾರಿ ದಾಖಲೆಗಳ ಸ್ಕಾಟ್‌ಲ್ಯಾಂಡ್ಸ್ ಪೀಪಲ್ ಜಾಲತಾಣದಲ್ಲಿ ಅವರ ಮರಣ ದಾಖಲೆ ಹುಡುಕಿ. 1855ರ ನಂತರ ಸ್ಕಾಟ್‌ಲೆಂಡಿನಲ್ಲಿಯೇ ತೀರಿಕೊಂಡಿದ್ದರೆ ಸಾಮಾನ್ಯವಾಗಿ ತಂದೆಯ ಹೆಸರಿನ ಜೊತೆಗೆ ತಾಯಿಯ ತವರಿನ ಅಡ್ಡಹೆಸರೂ ಸಿಗುತ್ತದೆ. 1851ರ ಜನಗಣತಿಯಲ್ಲಿ ಹುಟ್ಟಿದ ಪ್ಯಾರಿಷ್ ಇರುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ತಾಯಿಗೆ ಮದುವೆಯಾಗಿರಲಿಲ್ಲ ಎಂದಾದರೆ ನಿಮ್ಮ ಅದೃಷ್ಟ ಖುಲಾಯಿಸಿದಂತೆ. 1845ರವರೆಗೆ ಊರಿನ ಬಡವರ ಹೊಣೆ ಬಹುಮಟ್ಟಿಗೆ ಚರ್ಚಿನದೇ; ಆದ್ದರಿಂದ ಮಗುವಿನ ಖರ್ಚು ಯಾರ ತಲೆಗೆ ಕಟ್ಟುವುದೆಂಬುದು ತೀರ್ಮಾನವಾಗದೆ ಚರ್ಚಿನ ಹಿರಿಯರಿಗೆ ನಿದ್ದೆ ಬರುತ್ತಿರಲಿಲ್ಲ. ಹುಡುಗಿಯನ್ನು ಕರೆಸಿ ಯಾರು, ಎಲ್ಲಿ, ಯಾವಾಗ ಎಂದು ಕೇಳುತ್ತಿದ್ದರು. ಹುಡುಗ ಬಂದು ನಾನಲ್ಲವೆಂದರೆ ಸಾಕ್ಷಿಗಳ ಸರದಿ. ಎಲ್ಲವೂ ನಡವಳಿ ಪುಸ್ತಕದಲ್ಲಿ ದಾಖಲು! ಮರ್ಯಾದಸ್ಥ ದಂಪತಿಯ ಮಗುವಿಗೆ ಒಂದು ಸಾಲು ಸಿಕ್ಕರೆ ಪುಣ್ಯ, ಇಂಥ ಮಗುವಿಗೆ ಪುಟಗಟ್ಟಲೆ. ಈ ಪುಸ್ತಕಗಳ ಚಿತ್ರಗಳೂ ಅದೇ ಜಾಲತಾಣದಲ್ಲಿವೆ. ಬಹುಪಾಲಿಗೆ ಹೆಸರಿನ ಸೂಚಿ ಇಲ್ಲ, ಪುಟ ತಿರುಗಿಸುತ್ತಲೇ ಓದಬೇಕು. ಹುಟ್ಟಿದ ದಿನಕ್ಕಿಂತ ನಾಲ್ಕೈದು ತಿಂಗಳು ಹಿಂದಿನಿಂದ ಆರಂಭಿಸಿ. ಹೊಟ್ಟೆ ಕಂಡೊಡನೆ ವಿಚಾರಣೆ ಶುರುವಾಗುತ್ತಿತ್ತು.