ಪದ ಪರಿಚಯ: ಟಿಯರ್ ಲಿಸ್ಟ್

ಒಬ್ಬ ನಿರ್ದೇಶಕರ ಚಿತ್ರಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸದೆ ಮೂರೋ ನಾಲ್ಕೋ ಅಂತಸ್ತುಗಳಲ್ಲಿ ಹಂಚಿಡುವ ಪಟ್ಟಿಯೇ ಟಿಯರ್ ಲಿಸ್ಟ್. ವಿಡಿಯೊ ಗೇಮ್ ಆಡುವವರಿಂದ ಹಬ್ಬಿದ ರೂಢಿ ಇದು. ಎ, ಬಿ, ಸಿಗಳಿಗೂ ಮೇಲೆ ಎಸ್ ಎಂಬ ಅಂತಸ್ತು. ಒಂದೇ ಅಂತಸ್ತಿನಲ್ಲಿರುವ ಚಿತ್ರಗಳ ನಡುವೆ ಹೆಚ್ಚುಕಮ್ಮಿ ಇಲ್ಲ.

ಮಣಿ ಕೌಲ್ ಅವರಂಥ ಪ್ರಯೋಗಶೀಲ ನಿರ್ದೇಶಕರಿಗೆ ಹೊಂದುವುದು ಇದೇ. 1970ರ 'ಉಸ್ಕೀ ರೋಟಿ' ಬಸ್ ಡ್ರೈವರ್ ಗಂಡನಿಗೆ ಬುತ್ತಿ ಹಿಡಿದು ಕಾಯುವ ಹೆಂಗಸಿನ ಕಥೆ. 1982ರ 'ಧ್ರುಪದ್' ಡಾಗರ್ ಸೋದರರ ಗಾಯನ, ವಾದನಗಳ ಸಾಕ್ಷ್ಯಚಿತ್ರ. ಠುಮ್ರಿ ಗಾಯಕಿ ಸಿದ್ಧೇಶ್ವರಿ ದೇವಿಯವರ ಮೇಲಿನ 1989ರ 'ಸಿದ್ಧೇಶ್ವರಿ'ಯನ್ನು ಕಥಾಚಿತ್ರ ಎನ್ನಬೇಕೋ ಸಾಕ್ಷ್ಯಚಿತ್ರ ಎನ್ನಬೇಕೋ ಎಂಬುದೇ ಒಂದು ಸಂಜೆಯ ವಾದ. ಇಂಥ ಚಿತ್ರಗಳಲ್ಲಿ ಯಾವುದು ನಾಲ್ಕನೆಯದು, ಯಾವುದು ಐದನೆಯದು ಎಂದು ಕೇಳಿದರೆ ಉತ್ತರವಿಲ್ಲ.

ಮೊದಲು ಅಳತೆಗೋಲು ಗೊತ್ತುಮಾಡಬೇಕು. ಕೊಡಗಿನ ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ: ಪ್ಲಾಂಟೇಶನ್ ಎ, ಬಿ, ಸಿ ಎಂಬುದು ಜರಡಿಯ ಲೆಕ್ಕ, ಬೀಜದ ಗಾತ್ರ, ರುಚಿ ಗೊತ್ತಾಗುವುದು ಕುಡಿದು ನೋಡಿದ ಮೇಲೆಯೇ. ಹಾಗೆಯೇ ರೂಪದ ಹೊಸತನಕ್ಕೆ ಒಂದು ಪಟ್ಟಿ, ಮತ್ತೆ ನೋಡಬೇಕು ಅನಿಸುವುದಕ್ಕೆ ಇನ್ನೊಂದು. ಎರಡನ್ನೂ ಬೆರೆಸಿದರೆ ಜಗಳ ಮುಗಿಯುವುದಿಲ್ಲ.

ಅಂಕ ಕೊಡುವುದಾದರೆ ಎಚ್ಚರ. ಎಂಟು ಜನರ ಗುಂಪಿನಲ್ಲಿ ಮೂವರೇ ನೋಡಿದ ಚಿತ್ರಕ್ಕೆ ಮೂವರೂ 5 ಕೊಟ್ಟರೆ ಮೊತ್ತ 15. ಎಲ್ಲರೂ ನೋಡಿ ತಲಾ 2 ಕೊಟ್ಟ ಸಾಧಾರಣ ಚಿತ್ರಕ್ಕೆ 16! ಆದ್ದರಿಂದ ಮೊತ್ತ ಬೇಡ, ನೋಡಿದವರ ಸಂಖ್ಯೆಯಿಂದ ಭಾಗಿಸಿ. ಆಗಲೂ ಒಬ್ಬನೇ ಅಭಿಮಾನಿ ನೋಡಿದ ಚಿತ್ರ ತುದಿಗೇರಿ ಕೂರುತ್ತದೆ. ಹಾಗಾಗಿ ಗುಂಪಿನ ಅರ್ಧದಷ್ಟಾದರೂ ಜನ ಪೂರ್ತಿ ನೋಡಿರದ ಚಿತ್ರವನ್ನು ಪಟ್ಟಿಯಿಂದ ಹೊರಗಿಡಿ. ಬ್ರಿಟನ್ನಿನ ಸಿನಿಮಾ ಪತ್ರಿಕೆ 'ಸೈಟ್ ಅಂಡ್ ಸೌಂಡ್' ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳಿಗಾಗಿ ನಡೆಸುವ ಮತದಾನದಲ್ಲಿ ಪ್ರತಿಯೊಬ್ಬರೂ 10 ಚಿತ್ರ ಹೆಸರಿಸುತ್ತಾರೆ, ಹತ್ತಕ್ಕೂ ಒಂದೊಂದೇ ಮತ. ಕ್ರಮಾಂಕ ಹುಟ್ಟುವುದು ಎಣಿಕೆಯಲ್ಲಿ ಮಾತ್ರ.

ಅಂಕಕ್ಕಿಂತ ಮುಖ್ಯ, ಕೊಡುವ ಕಾರಣ. 'ಬೋರು' ಎಂಬುದು ಇಲ್ಲಿ ಕಾರಣವಾಗದು, ಏಕೆಂದರೆ ನಿಧಾನವೂ ಏರಿಳಿತವಿಲ್ಲದ ಮಾತೂ ಕೌಲ್ ಬೇಕೆಂದೇ ಆರಿಸಿಕೊಂಡವು. ಒಂದು ಶಾಟ್ ಅಥವಾ ಒಂದು ಶಬ್ದವನ್ನು ತೋರಿಸಿ ಮಾತಾಡಬೇಕು. 'ಉಸ್ಕೀ ರೋಟಿ'ಗೆ ಛಾಯಾಗ್ರಾಹಕ ಕೆ.ಕೆ. ಮಹಾಜನ್ ಬಳಸಿದ್ದು 28 ಮತ್ತು 135 ಮಿ.ಮೀ.ನ ಎರಡೇ ಲೆನ್ಸ್. 28ರಲ್ಲಿ ಹತ್ತಿರದ ಕೈಯಿಂದ ದೂರದ ರಸ್ತೆಯವರೆಗೆ ಎಲ್ಲ ಸ್ಫುಟ. 135ರಲ್ಲಿ ಮುಖವೊಂದೇ ನಿಚ್ಚಳ, ಹಿಂದಿನದೆಲ್ಲ ಕರಗಿದ ಬಣ್ಣವಿಲ್ಲದ ಮಬ್ಬು. ಒಂದು ಕಾಯುವ ಹೆಂಗಸಿನ ಕಣ್ಣೆದುರಿನ ಲೋಕಕ್ಕೆ, ಇನ್ನೊಂದು ಅವಳ ಮನಸ್ಸಿನೊಳಗಿನದಕ್ಕೆ. ಆಮೇಲೆ ಅದೂ ಅದಲುಬದಲಾಗುತ್ತದೆ. ಫೋನಿನ ಕಳಪೆ ಪ್ರತಿಯಲ್ಲಿ ಆ ಮಬ್ಬು ಚೌಕಚೌಕವಾಗಿ ಒಡೆದು ಎರಡು ಲೆನ್ಸಿನ ಅಂತರವೇ ಅಳಿಸಿಹೋಗುತ್ತದೆ. ಅದನ್ನು ನೋಡಿ ಸಿ ಕೊಟ್ಟವರು ಚಿತ್ರಕ್ಕಲ್ಲ, ಫೈಲಿಗೆ ಕೊಟ್ಟಿದ್ದಾರೆ.

ಶಬ್ದದ್ದೂ ಇದೇ ಪಾಡು. ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆ ಶೀಟಿನ ಮಾಡಿನ ಮೇಲೆ ಬೀಳುವಾಗ 'ಧ್ರುಪದ್' ಹಾಕಿದರೆ ಆಲಾಪದ ಕೆಳಸ್ವರಗಳು ಕೇಳುವುದೇ ಇಲ್ಲ. ಹೆಡ್‌ಫೋನ್ ಇಲ್ಲವಾದರೆ ಮಳೆ ನಿಲ್ಲುವವರೆಗೆ ಬೇರೆ ಚಿತ್ರ ಹಾಕಿ. ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ತಿಂಗಳುಗಳಲ್ಲಿ ಚಿತ್ರವನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಹೇಗೂ ಒಳ್ಳೆಯದು. ತುಂಡುತುಂಡಾಗಿ ನೋಡಿದ ಉದ್ದದ ಶಾಟಿಗೆ ಅರ್ಥವಿಲ್ಲ.

ನೋಡುವ ಕ್ರಮವೂ ಅಂಕವನ್ನು ಬದಲಿಸುತ್ತದೆ. 2005ರ 'ಪಹೇಲಿ' ನೋಡಿ ಕೌಲ್ ಅವರ 1973ರ 'ದುವಿಧಾ'ಕ್ಕೆ ಬಂದವರಿಗೆ ದೆವ್ವದ ಕಥೆ ಮೊದಲೇ ಗೊತ್ತು (ಎರಡಕ್ಕೂ ರಾಜಸ್ಥಾನಿ ಕಥೆಗಾರ ವಿಜಯದಾನ್ ದೇಥಾ ಅವರ ಕಥೆಯೇ ಮೂಲ). ಅದು ಒಳ್ಳೆಯದೇ. ಮುಂದೇನು ಎಂಬ ಆತುರವಿಲ್ಲದಿದ್ದರೆ ನಿಂತುಬಿಡುವ ಚೌಕಟ್ಟುಗಳ ಮೇಲೆ ಕಣ್ಣು ನಿಲ್ಲುತ್ತದೆ. ಅಂದಹಾಗೆ 'ಪಹೇಲಿ'ಯ ಶಾರುಖ್ ಖಾನ್ ಕೌಲ್ ಅವರ 'ಈಡಿಯಟ್'ನಲ್ಲೂ ಇದ್ದಾರೆ.

ನಮ್ಮ ಮಟ್ಟಿಗೆ, ರೂಪದ ಅಳತೆಯಲ್ಲಿ 'ಉಸ್ಕೀ ರೋಟಿ', 'ದುವಿಧಾ', 'ಸಿದ್ಧೇಶ್ವರಿ' ಎಸ್‌ನಲ್ಲಿ, 'ಧ್ರುಪದ್' ಎಯಲ್ಲಿ. 1999ರ 'ನೌಕರ್ ಕೀ ಕಮೀಜ್' ಬಿ ಎಂದರೆ ಮುನಿಸಿಕೊಳ್ಳುವವರಿದ್ದಾರೆ, ಅವರ ಕಾರಣಗಳೂ ಗಟ್ಟಿ. 'ಈಡಿಯಟ್'ಗೆ ಅಂತಸ್ತು ಕೊಡುವ ಮುನ್ನ ದೂರದರ್ಶನದ ನಾಲ್ಕು ಕಂತಿನ ರೂಪ ನೋಡಿದ್ದೋ, ಸಿನಿಮಾ ರೂಪವೋ ಎಂದು ಪಕ್ಕದಲ್ಲಿ ಬರೆಯಿರಿ. ಎರಡನ್ನೂ ಒಂದೇ ಚಿತ್ರವೆಂದು ಎಣಿಸಿದರೆ ಸರಾಸರಿ ಕೆಡುತ್ತದೆ.