ಬ್ಲಾಕ್‌ಬಸ್ಟರ್: ಮೊದಲು ಬಾಂಬು, ಆಮೇಲೆ ಸಿನಿಮಾ

ಸಿನಿಮಾ ತೆರೆಕಂಡು ಮೂರು ದಿನ ಆಗಿರುವುದಿಲ್ಲ, ಆಗಲೇ ಪೋಸ್ಟರ್ ಮೇಲೆ 'ಬ್ಲಾಕ್‌ಬಸ್ಟರ್' ಅಂತ ಬಂದಿರುತ್ತದೆ. ಈ ಪದ ಹುಟ್ಟಿದ್ದು ಹೇಗೆ ಅಂತ ಕೇಳಿದರೆ ಹಲವರು ಒಂದೇ ಕಥೆ ಹೇಳುತ್ತಾರೆ: ಟಿಕೆಟ್‌ಗೆ ನಿಂತ ಸಾಲು ಚಿತ್ರಮಂದಿರದ ಬ್ಲಾಕನ್ನೇ ಸುತ್ತಿ ಬರುತ್ತಿತ್ತಂತೆ, ಅದಕ್ಕೇ ಈ ಹೆಸರಂತೆ. ಕೇಳೋಕೆ ಚೆನ್ನಾಗಿದೆ. ಆದರೆ ಸಾಲಿಗೂ ಈ ಪದಕ್ಕೂ ಸಂಬಂಧವಿಲ್ಲ.

ಸುತ್ತಲೂ ರಸ್ತೆಯಿರುವ ಕಟ್ಟಡಗಳ ಗುಂಪಿಗೆ ಇಂಗ್ಲಿಷಿನಲ್ಲಿ ಬ್ಲಾಕ್ ಅನ್ನುತ್ತಾರೆ. ಬಸ್ಟರ್ ಅಂದರೆ ಒಡೆದು ಹಾಕುವಂಥದ್ದು. ಅಂಥ ಇಡೀ ಗುಂಪನ್ನು ಒಂದೇ ಏಟಿಗೆ ಕೆಡವುತ್ತದೆ ಅಂತ ಈ ಹೆಸರು ಪಡೆದದ್ದು ಎರಡನೇ ಮಹಾಯುದ್ಧದ ಒಂದು ಬಾಂಬು.

ಅದು ಬ್ರಿಟಿಷ್ ವಾಯುಪಡೆಯದು. ತೂಕ 4,000 ಪೌಂಡ್, ಅಂದರೆ ಸುಮಾರು 1,800 ಕಿಲೋ. 1941ರ ಮಾರ್ಚ್ 31ರ ರಾತ್ರಿ ಜರ್ಮನಿಯ ಎಮ್ಡೆನ್ ನಗರದ ಮೇಲೆ ಮೊದಲ ಸಲ ಬಿತ್ತು. ಚೂಪು ಮೂತಿ ಇಲ್ಲ, ನೋಡಲು ದೊಡ್ಡ ಡ್ರಮ್ಮಿನ ಹಾಗೆ. ಮಾಮೂಲಿ ಬಾಂಬುಗಳಲ್ಲಿ ಉಕ್ಕೇ ಜಾಸ್ತಿ. ಇದರ ಹೊದಿಕೆ ತೆಳು, ತೂಕದ ಮುಕ್ಕಾಲು ಪಾಲು ಬರೀ ಸಿಡಿಮದ್ದು. ನೆಲ ಅಗೆಯುವುದು ಇದರ ಕೆಲಸವಲ್ಲ. ಸ್ಫೋಟದ ಗಾಳಿಗೇ ಹೆಂಚು ಹಾರಬೇಕು, ಕಿಟಕಿ ಬಾಗಿಲು ಕಿತ್ತು ಬರಬೇಕು. ಹಾಗೆ ಬಾಯ್ತೆರೆದ ಮನೆಗಳೊಳಗೆ ಸಣ್ಣ ಬೆಂಕಿ ಬಾಂಬುಗಳು ಬಿದ್ದು ಉಳಿದದ್ದನ್ನು ಸುಡಬೇಕು. ಲೆಕ್ಕಾಚಾರ ಇಷ್ಟು ಕ್ರೂರ.

ವಿಮಾನದವರು ಇದನ್ನು ಕರೆಯುತ್ತಿದ್ದದ್ದು 'ಕುಕೀ' ಅಂತ! ಬ್ಲಾಕ್‌ಬಸ್ಟರ್ ಅನ್ನೋ ಹೆಸರನ್ನು ಹಬ್ಬಿಸಿದ್ದು ಪತ್ರಿಕೆಗಳು. ಸಿಡಿಯದೆ ಉಳಿದವು ಈಗಲೂ ಜರ್ಮನಿಯಲ್ಲಿ ಮಣ್ಣಿನಡಿ ಸಿಗುತ್ತವೆ. ಆಗ್ಸ್‌ಬರ್ಗ್‌ನಲ್ಲಿ ಇಂಥದ್ದೊಂದನ್ನು ನಿಷ್ಕ್ರಿಯ ಮಾಡಲು 2016ರ ಕ್ರಿಸ್ಮಸ್ ದಿನ ಸುಮಾರು 54,000 ಜನರನ್ನು ಮನೆ ಬಿಡಿಸಬೇಕಾಯಿತು.

ಸಿನಿಮಾದವರು ಈ ಪದ ಎತ್ತಿಕೊಳ್ಳಲು ಯುದ್ಧ ಮುಗಿಯುವವರೆಗೂ ಕಾಯಲಿಲ್ಲ. 1943ರಲ್ಲೇ ಹಾಲಿವುಡ್ ಜಾಹೀರಾತಿನಲ್ಲಿ ಅದು ಕಾಣಿಸಿಕೊಂಡಿತು. ಅದೂ ಬಾಂಬರ್ ವಿಮಾನಗಳ ಕಥೆಯ ಸಿನಿಮಾಗೆ, ಹಾಗಾಗಿ ಪದ ಸರಿಯಾಗೇ ಹೊಂದಿತು. 1950ರ ದಶಕದ ಹೊತ್ತಿಗೆ ಬಾಂಬಿನ ನೆನಪು ಮಾಸಿ, ಭಾರಿ ಖರ್ಚು ಮಾಡಿ ಭಾರಿ ಗಳಿಸುವ ಚಿತ್ರ ಅನ್ನೋ ಅರ್ಥ ನಿಂತಿತು. 1975ರಲ್ಲಿ ಸ್ಪಿಲ್‌ಬರ್ಗ್ ಅವರ ಶಾರ್ಕ್ ಸಿನಿಮಾ 'ಜಾಸ್' ಅಮೆರಿಕ, ಕೆನಡಾಗಳ 400ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಒಟ್ಟಿಗೇ ಬಿಡುಗಡೆಯಾಗಿ ಗೆದ್ದಿತು. ಬೇಸಿಗೆ ಬ್ಲಾಕ್‌ಬಸ್ಟರ್ ಅನ್ನೋ ಪದ್ಧತಿ ಅಲ್ಲಿಂದ ಬೇರೂರಿತು. ಸಾಲಿನ ಕಥೆ ನಂಬುವವರು ಪದ ಹುಟ್ಟಿದ್ದೂ ಆಗಲೇ ಅಂದುಕೊಳ್ಳುತ್ತಾರೆ. 1943ರ ಆ ಜಾಹೀರಾತು ಒಂದೇ ಸಾಕಲ್ವಾ, ಅದು ತಪ್ಪು ಅನ್ನೋದಕ್ಕೆ?

ಔಷಧ ಕಂಪನಿಗಳೂ ಈ ಪದ ಬಳಸುತ್ತವೆ. ವರ್ಷಕ್ಕೆ 100 ಕೋಟಿ ಡಾಲರ್ ವ್ಯಾಪಾರ ದಾಟಿದ ಔಷಧ ಅವರಿಗೆ ಬ್ಲಾಕ್‌ಬಸ್ಟರ್.

ಬಾಂಬಿನ ಅರ್ಥಕ್ಕೆ ಜಾಸ್ತಿ ಹತ್ತಿರವಿರುವ ಬಳಕೆ ಇನ್ನೊಂದಿದೆ: ಬ್ಲಾಕ್‌ಬಸ್ಟಿಂಗ್. ಅಮೆರಿಕದ ನಗರಗಳಲ್ಲಿ ಮನೆ ದಲ್ಲಾಳಿಗಳು ಬಿಳಿಯರ ಬೀದಿಗೆ ಹೋಗಿ, ಕರಿಯರು ಬರುತ್ತಿದ್ದಾರೆ, ಬೆಲೆ ಬಿದ್ದುಹೋಗುತ್ತದೆ ಅಂತ ಹೆದರಿಸುತ್ತಿದ್ದರು. ಗಾಬರಿಯಾದವರಿಂದ ಮನೆಗಳನ್ನು ಅಗ್ಗಕ್ಕೆ ಕೊಂಡು, ಬೇರೆ ಕಡೆ ಮನೆ ಸಿಗದ ಕರಿಯ ಕುಟುಂಬಗಳಿಗೆ ದುಬಾರಿ ಬೆಲೆಗೆ ಮಾರುತ್ತಿದ್ದರು. ಹೀಗೆ ಹೆದರಿಸಿ ಮಾರಿಸುವುದನ್ನು 1968ರ ಫೇರ್ ಹೌಸಿಂಗ್ ಕಾಯ್ದೆ ನಿಷೇಧಿಸಿತು.